ಹಳೆಯ ಕಾರೂ ಉಪ್ಪಿನ ಊರೂ

ನಮ್ಮ ಕಡೆ ಹಳೆಯ ಕಾರು ಕೊಳ್ಳುವವರು ಕಾರನ್ನು ನೋಡುವುದು ಕೊನೆಗೆ. ಮೊದಲು ನೋಡುವುದು ಅದರ ಯಜಮಾನರನ್ನು. ಕುಂದಾಪುರದಲ್ಲೋ ಬೈಂದೂರಿನಲ್ಲೋ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ವರ್ಗವಾಯಿತೆನ್ನಿ, ಅವರು ಸಾಮಾನು ಕಟ್ಟುವ ಮೊದಲೇ ಅವರ ಕಾರಿನ ಸುದ್ದಿ ಊರೆಲ್ಲ ಸುತ್ತಿ ಬರುತ್ತದೆ. 1998ರಲ್ಲಿ ನಾವು ಮಾರುತಿ 800 ಕೊಂಡದ್ದು ಬ್ರಹ್ಮಾವರದ ಡಾಕ್ಟರೊಬ್ಬರಿಂದ. ಡಾಕ್ಟರು ಮನೆಗೂ ಕ್ಲಿನಿಕ್ಕಿಗೂ ಬಿಟ್ಟರೆ ಬೇರೆ ಕಡೆ ಓಡಿಸಿದವರಲ್ಲ, ಗೇರು ಹಾಕುವುದೂ ನಾಡಿ ಹಿಡಿದ ಹಾಗೆ ಮೆತ್ತಗೆ ಎಂದು ನಮ್ಮ ಭಾವನವರು ಭರವಸೆ ಕೊಟ್ಟಿದ್ದರು. ಭಾವನವರಿಗೆ ಅದನ್ನು ಹೇಳಿದವರು ಡಾಕ್ಟರ ಕಂಪೌಂಡರು. ನಮ್ಮವರು ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋದದ್ದು ನಿಜ. ಆದರೆ ಆತ ಬಾನೆಟ್ ಎತ್ತುವ ಹೊತ್ತಿಗೆ ಒಳಗೆ ಕಾಫಿ ಕುಡಿದು ಮಾತುಕತೆ ಮುಗಿದಿತ್ತು. ಆ ಕಾರು ಹನ್ನೊಂದು ವರ್ಷ ನಮ್ಮಲ್ಲಿತ್ತು.

ಇಷ್ಟು ಹೇಳಿದ್ದು ಏಕೆಂದರೆ, 2018ರಲ್ಲಿ ನನ್ನ ಮಗಳು ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳಲು ಹೊರಟಾಗ ಅವಳಿಗೆ ಭಾವನವರೂ ಇರಲಿಲ್ಲ, ಕಂಪೌಂಡರೂ ಇರಲಿಲ್ಲ. ಜನವರಿಯಲ್ಲಿ ಅವಳ ಕಂಪನಿಯವರು ಅವಳನ್ನು ಓಹಾಯೋ ರಾಜ್ಯದ ಕೊಲಂಬಸ್ ಎಂಬ ಊರಿಗೆ ಕಳುಹಿಸಿದ್ದರು. ಬೇಸಿಗೆ ರಜೆಯಲ್ಲಿ ನಾನು ಹೋದೆ. ನಮ್ಮವರು ಅತ್ತೆಯವರನ್ನೂ ತೆಂಗಿನ ತೋಟವನ್ನೂ ನೋಡಿಕೊಂಡು ಮನೆಯಲ್ಲೇ ಉಳಿದರು.

ಅವಳ ಆಫೀಸು ಡಬ್ಲಿನ್ ಎಂಬಲ್ಲಿ. ಐರ್ಲೆಂಡಿನದಲ್ಲ, ಕೊಲಂಬಸ್ಸಿನ ಅಂಚಿಗೇ ಇರುವ ಇನ್ನೊಂದು ಡಬ್ಲಿನ್. ಬಸ್ಸು ಇಲ್ಲವೆಂದಲ್ಲ. ಆದರೆ ನಮ್ಮ ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತರೆ ಕೈ ಎತ್ತುವ ಮೊದಲೇ ಬಂದು ನಿಲ್ಲುವಂಥ ಬಸ್ಸಲ್ಲ. ಇಳಿದ ಮೇಲೂ ಕಾಲುದಾರಿಯಿಲ್ಲದ ರಸ್ತೆಯ ಅಂಚಿನಲ್ಲಿ ಅರ್ಧ ಗಂಟೆ ನಡಿಗೆ. ಇಡೀ ಚಳಿಗಾಲ ಹಿಮದಲ್ಲಿ ಹಾಗೆ ನಡೆದಿದ್ದಳೆಂಬುದು ನನಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ, ಬಾಗಿಲ ಬಳಿ ಬಿಟ್ಟಿದ್ದ ಅವಳ ಬೂಟುಗಳನ್ನು ನೋಡಿ. ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ.

ಡ್ರೈವಿಂಗ್ ಲೈಸೆನ್ಸನ್ನು ಮಾರ್ಚಿನಲ್ಲೇ ಪಡೆದಿದ್ದಳು. ನಮ್ಮಲ್ಲಿ ಬೈಕಿಗೆ 8 ಹಾಕಿಸುವ ಹಾಗೆ ಓಹಾಯೋದಲ್ಲಿ 9 ಅಡಿ ಅಗಲ, 20 ಅಡಿ ಉದ್ದದ ಜಾಗಕ್ಕೆ ಗೂಟಗಳನ್ನು ನಿಲ್ಲಿಸಿ, ಅದರೊಳಗಿಂದ ಕಾರನ್ನು ಮುಂದೆಯೂ ಹಿಂದೆಯೂ ನಡೆಸಲು ಹೇಳುತ್ತಾರೆ. ಅದರಲ್ಲಿ ಪಾಸಾದಳು. ಸಾಲದ ವಿಷಯದಲ್ಲಿ ಮಾತ್ರ ಆಗಲಿಲ್ಲ. ಅಲ್ಲಿ ಪ್ರತಿಯೊಬ್ಬರ ಸಾಲದ ನಡತೆಗೂ 300ರಿಂದ 850ರವರೆಗೆ ಅಂಕವುಂಟು. ಆ ದೇಶದಲ್ಲಿ ಹಿಂದೆಂದೂ ಸಾಲ ಮಾಡದವರಿಗೆ ಸೊನ್ನೆಯೂ ಇಲ್ಲ, ಏನೂ ಇಲ್ಲ, ಪರೀಕ್ಷೆಗೇ ಕೂರದ ವಿದ್ಯಾರ್ಥಿಯ ಹಾಗೆ. ಒಬ್ಬರಿಗೂ ಒಂದು ಕಾಸು ಬಾಕಿಯಿಲ್ಲವೆಂದು ನಾವು ಎದೆಯೆತ್ತಿ ಹೇಳುವ ಮಾತು ಅಲ್ಲಿ ದೋಷವಾಯಿತು. ಬ್ಯಾಂಕಿನವರು ಹೇಳಿದ ಬಡ್ಡಿ ಕೇಳಿ ಮಗಳು ಎದ್ದು ಬಂದಳಂತೆ. ಕೂಡಿಟ್ಟ ಎಂಟು ಸಾವಿರ ಡಾಲರಿನೊಳಗೆ ತೆರಿಗೆ, ವಿಮೆ, ಎಲ್ಲ ಮುಗಿಯಬೇಕು. ಆಗ ಡಾಲರಿಗೆ 67 ರೂಪಾಯಿಯ ಆಸುಪಾಸು. ನಾನು ಬಳೆಯ ಮಾತೆತ್ತಿದೆ. "ಅದೆಲ್ಲ ಬ್ಯಾಡ ಅಮ್ಮ" ಎಂದವಳು ಮತ್ತೆ ಆ ವಿಷಯಕ್ಕೆ ಬಾಯಿ ತೆರೆಯಲು ಬಿಡಲಿಲ್ಲ.

ಮೊದಲ ಶನಿವಾರ ಅವಳ ಆಫೀಸಿನ ತೆಲುಗು ಹುಡುಗನೊಬ್ಬ ತನ್ನ ಕಾರಿನಲ್ಲಿ ನಮ್ಮನ್ನು ಹಳೆ ಕಾರಿನ ಅಂಗಡಿಗೆ ಕರೆದೊಯ್ದ. ಮೈದಾನದ ತುಂಬ ಕಾರು, ಕಂಬದಿಂದ ಕಂಬಕ್ಕೆ ಜಾತ್ರೆಯ ಪತಾಕೆ. ಅಂಗಡಿಯಾತ ನಗುತ್ತ ಬಂದು ಹುಡುಗನ ಕೈ ಕುಲುಕಿದ. ಬೆಲೆ ಹೇಳಿದ್ದು ಅವನಿಗೆ, ಬಾನೆಟ್ ತೆಗೆದು ತೋರಿಸಿದ್ದು ಅವನಿಗೆ. ಮಗಳ ಹತ್ತಿರ ಬಂದು ಕೇಳಿದ್ದು ಬಣ್ಣ ಹಿಡಿಸಿತೇ ಎಂದು. ಇದಕ್ಕಾಗಿ ಹದಿಮೂರು ಸಾವಿರ ಕಿಲೋಮೀಟರು ಬರಬೇಕಿತ್ತೇ ಎನ್ನಿಸಿತು ನನಗೆ. ಮಿಕ್ಸಿ ಕೊಳ್ಳಲು ಹೋದರೂ ದರ ಹೇಳುವಾಗ ಪಕ್ಕದಲ್ಲಿರುವ ಗಂಡಸಿನ ಮುಖ ನೋಡುವ ಅಂಗಡಿಯವರು ನಮ್ಮೂರಲ್ಲೂ ಇದ್ದಾರಲ್ಲ! ಮಗಳು ಸಿಟ್ಟು ಮಾಡಲಿಲ್ಲ. ಇಂಗ್ಲಿಷಿನಲ್ಲಿ ಮೆಲ್ಲಗೆ, "ಹಣ ಇರುವುದು ನನ್ನ ಚೀಲದಲ್ಲಿ" ಎಂದಳು. ಅಲ್ಲಿಂದ ಮುಂದೆ ಆತ ಅವಳ ಕಡೆಗೇ ತಿರುಗಿ ಮಾತನಾಡಿದ.

ಆ ಅಂಗಡಿಯ ಒಂದು ಸಂಗತಿ ಮಾತ್ರ ನನಗೆ ಬಹಳ ಹಿಡಿಸಿತು. ಪ್ರತಿ ಕಾರಿನ ಕಿಟಕಿಗೂ ಒಂದು ಚೀಟಿ. ಗ್ಯಾರಂಟಿ ಉಂಟೋ, ಅಥವಾ ಇದ್ದದ್ದು ಇದ್ದ ಹಾಗೆ ಕೊಂಡುಹೋಗಬೇಕೋ ಎಂದು ಅದರಲ್ಲಿ ಗುರುತು ಹಾಕಿರಬೇಕು. 1985ರಿಂದ ಅಲ್ಲಿನ ಕೇಂದ್ರ ಸರಕಾರದ ನಿಯಮವಂತೆ ಇದು, ಅಂಗಡಿಯವರಿಗೆಲ್ಲ ಕಡ್ಡಾಯ. ಹೆಣ್ಣು ನೋಡಲು ಬರುವ ಗಂಡುಗಳ ಅಂಗಿಗೂ ಇಂಥದೊಂದು ಚೀಟಿ ಅಂಟಿಸಿದರೆ ಎಷ್ಟು ತಂದೆತಾಯಿಯರ ಚಪ್ಪಲಿ ಉಳಿದೀತು!

ಮಗಳು ಮೆಚ್ಚಿದ್ದು ಒಂದು ಬೆಳ್ಳಿ ಬಣ್ಣದ ಕಾರನ್ನು. ಬೆಲೆ 5,200 ಡಾಲರ್. ಒಳಗೆ ಹೊಸದರಂತೆ ಮಿರಿಮಿರಿ. ಅದರ ಪೂರ್ವಚರಿತ್ರೆಯ ಪತ್ರವೂ ಉಂಟು. ಎಲ್ಲೆಲ್ಲಿ ನೋಂದಣಿಯಾಗಿತ್ತು, ಅಪಘಾತವೇನಾದರೂ ಆಗಿತ್ತೇ ಎಂದೆಲ್ಲ ತಿಳಿಸುವ ಕಂಪನಿಗಳೇ ಅಲ್ಲಿವೆ. ಕಾರ್‌ಫ್ಯಾಕ್ಸ್ ಎಂಬುದು 1984ರಿಂದ ಇದೆ. ಆ ಪತ್ರದಲ್ಲಿ ಕಳಂಕವೇನೂ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಯಾವುದೋ ಹೂವಿನ ಪರಿಮಳ ಘಾಟಾಗುವಷ್ಟು ಹೊಡೆದಿದ್ದರು. ಅದರಡಿಯಲ್ಲಿ ಇನ್ನೊಂದು ವಾಸನೆ. ಆಷಾಢದಲ್ಲಿ ಒಣಗದ ಬಟ್ಟೆ ಮಡಚಿಟ್ಟ ಕಪಾಟನ್ನು ತೆರೆದವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೀಟಿನ ಬೆಲ್ಟನ್ನು ಎಳೆದೆ, ಪೂರ್ತಿ ಕೊನೆಯವರೆಗೆ. ಮೇಲಿನ ಅರ್ಧ ತೊಳೆದು ಸ್ವಚ್ಛ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಬಣ್ಣದ ಒಂದು ಗೆರೆ. ನೆರೆ ಇಳಿದ ಮೇಲೆ ಗೋಡೆಯ ಮೇಲೆ ಉಳಿಯುತ್ತದಲ್ಲ, ಅಂಥದೇ.

"ಇದ್ ಬ್ಯಾಡ ಮಗಾ, ಹೋಪ" ಎಂದೆ.

ಹೊರಗೆ ಬಂದ ಮೇಲೆ ಆ ತೆಲುಗು ಹುಡುಗ ಪತ್ರವನ್ನು ಮತ್ತೆ ಓದಿ, ಕಾರು 2017ರವರೆಗೆ ಟೆಕ್ಸಾಸ್‌ನಲ್ಲಿತ್ತು, ಆಮೇಲೆ ಹರಾಜಿನಲ್ಲಿ ಇಲ್ಲಿಗೆ ಬಂದಿದೆ ಎಂದ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸ್‌ನ ಹ್ಯೂಸ್ಟನ್ ನಗರವನ್ನೇ ಮುಳುಗಿಸಿತ್ತು. ಲಕ್ಷಗಟ್ಟಲೆ ಕಾರುಗಳು ನೀರು ಕುಡಿದಿದ್ದವು. ಅವುಗಳಲ್ಲಿ ಕೆಲವು ತೊಳೆಸಿಕೊಂಡು ದೂರದ ರಾಜ್ಯಗಳಲ್ಲಿ ಮಾರಾಟಕ್ಕೆ ನಿಲ್ಲುತ್ತವೆಂದು ಅಲ್ಲಿನವರೇ ಎಚ್ಚರಿಸುತ್ತಿದ್ದರಂತೆ. ನಾವು ನೋಡಿದ್ದು ಅಂಥದೇ ಎಂದು ನಾನು ಪ್ರಮಾಣ ಮಾಡಲಾರೆ. ಮೂಗಿನ ಸಾಕ್ಷ್ಯವನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಹೀಗೆ ಮೋಸದ ಕಾರಿಗೆ ಅಮೆರಿಕದಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ನಾವು ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡುವ ಜನ, ನನಗೆ ನಗು ಬಂತು. (ಕೊನೆಗೆ ಕಾರು ಮನೆಗೆ ಬಂದ ಮರುದಿನ ನಾನೂ ನಾಲ್ಕು ಇಟ್ಟೆ. ಪಕ್ಕದ ಮನೆಯ ಬಿಳಿಯ ಹುಡುಗ ಬಿದ್ದುಹೋದ ಹಣ್ಣೆಂದು ಹೆಕ್ಕಿ ತಂದುಕೊಟ್ಟ!) ಸಮಾಜಶಾಸ್ತ್ರ ಕಲಿಸುವವಳಾದ್ದರಿಂದ ಇನ್ನೂ ಒಂದು ಮಾತು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಇದೇ ನಿಂಬೆಹಣ್ಣಿನ ಹೆಸರಿಟ್ಟು ಒಂದು ಪ್ರಬಂಧ ಪ್ರಕಟಿಸಿದರು. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೆದರಿದ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಯಜಮಾನ ಮಾರುವುದಿಲ್ಲ. ಸಂತೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳೇ. 2001ರಲ್ಲಿ ಇನ್ನಿಬ್ಬರೊಂದಿಗೆ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ ಪ್ರಬಂಧದಲ್ಲಿ ಭಾರತದ ಗೃಹಿಣಿಯರೂ ಬರುತ್ತಾರೆ! ಅಕ್ಕಿಯದೇ ಬಣ್ಣದ, ಅಕ್ಕಿಯದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸಿ ಮಾರುವುದರಿಂದ ಅವರು ಅಕ್ಕಿ ಆರಿಸುತ್ತ ಕೂರಬೇಕಾಗುತ್ತದೆ ಎಂದು. ಗೆರಸಿ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದ ನನ್ನ ಅಜ್ಜಿಗೆ ಇದನ್ನು ಓದಿ ಹೇಳಬೇಕಿತ್ತು.

ಮುಂದಿನ ಎರಡು ವಾರ ಮಗಳಿಗೂ ನನಗೂ ಅದೇ ಕೆಲಸ, ಕಲ್ಲು ಆರಿಸುವುದು. ಎರಡನೆಯ ಅಂಗಡಿಯಲ್ಲಿ ನಾನು ಸೀರೆ ಎತ್ತಿಕಟ್ಟಿ ಕಾರಿನ ಪಕ್ಕ ಮೊಣಕಾಲೂರಿದೆ. "ಕೆಳಗ್ ಎಂತ ಕಾಂಬುದ್ ಅಮ್ಮ?" ಎಂದಳು ಮಗಳು, ಸುತ್ತಲಿನವರು ನೋಡುತ್ತಿದ್ದಾರೆಂಬ ಸಂಕೋಚದಲ್ಲಿ. ಕಾಣುವುದೇನು, ತುಕ್ಕು. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ. ಆ ರಸ್ತೆಯಲ್ಲಿ ಇಪ್ಪತ್ತು ವರ್ಷ ಬಸ್ಸಿನಲ್ಲಿ ಬೈಂದೂರು ಕಡೆಯ ಶಾಲೆಗೆ ಹೋಗಿಬಂದವಳು ನಾನು. ಕಡಲ ಗಾಳಿ ಗೇಟಿನ ಸರಳನ್ನು ಹೇಗೆ ಪದರ ಪದರವಾಗಿ ತಿನ್ನುತ್ತದೆಂದು, ಬಣ್ಣ ಹೊಡೆದು ಮುಚ್ಚಿದರೂ ಒಳಗೆ ಹೇಗೆ ಹಪ್ಪಳದಂತೆ ಉಬ್ಬುತ್ತದೆಂದು ಉಪ್ಪಿನಕುದ್ರಿನಂಥ ಹೆಸರಿನ ಊರುಗಳಿರುವ ನಾಡಿನ ನಮಗೆ ಹೇಳಿಕೊಡಬೇಕೇ? ಓಹಾಯೋಕ್ಕೆ ಕಡಲಿಲ್ಲ. ಆದರೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಕ್ಲೀವ್‌ಲ್ಯಾಂಡಿನಲ್ಲಿ ಈರೀ ಸರೋವರದ ತಳಕ್ಕಿಂತಲೂ ಕೆಳಗೆ, ಸುಮಾರು 1,800 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಉಂಟು. ಆ ಉಪ್ಪುನೀರು ಚಕ್ರದಿಂದ ಸಿಡಿದು ಕಾರಿನ ಹೊಟ್ಟೆಗೆ ಮೆತ್ತಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಎರಡನೆಯದೂ ಬೇಡವಾಯಿತು, ಮೂರನೆಯದೂ.

ನಾಲ್ಕನೆಯದು ಅಂಗಡಿಯದಲ್ಲ, ಮನೆಯದು. 2011ರ ಹೋಂಡಾ ಅಕಾರ್ಡ್. ಹೆಸರು ಜಪಾನಿನದಾದರೂ ಕಾರು ಹುಟ್ಟಿದ್ದು ಕೊಲಂಬಸ್ಸಿನ ನೆರೆಯ ಮೇರಿಸ್‌ವಿಲ್‌ನಲ್ಲಿ. 1982ರಿಂದ ಅಲ್ಲಿ ಹೋಂಡಾ ಕಾರು ತಯಾರಾಗುತ್ತದೆ. ಕಾರಿನ 17 ಅಕ್ಷರಗಳ ಗುರುತು ಸಂಖ್ಯೆಯನ್ನು ಓದಲು ಅಷ್ಟರಲ್ಲಿ ಮಗಳು ಕಲಿತಿದ್ದಳು. ಮೊದಲನೆಯದು 1 ಆದರೆ ಅಮೆರಿಕದಲ್ಲಿ ಮಾಡಿದ್ದು, ಹತ್ತನೆಯದು ಬಿ ಆದರೆ 2011ರ ಮಾದರಿ. ಐ, ಓ, ಕ್ಯೂ ಎಂಬ ಮೂರು ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ, ಒಂದು ಸೊನ್ನೆಗಳೊಂದಿಗೆ ಕಲಸಿಹೋಗಬಾರದೆಂದು. ಉತ್ತರಪತ್ರಿಕೆ ತಿದ್ದುವವರಿಗೂ ಈ ಸೌಕರ್ಯ ಇದ್ದಿದ್ದರೆ!

ಓಡಿದ್ದು 84,000 ಮೈಲಿ. ಆ ರಾತ್ರಿ ಫೋನಿನಲ್ಲಿ ನಮ್ಮವರು ಅದನ್ನು ಕಿಲೋಮೀಟರಿಗೆ ತಿರುಗಿಸಿ ಬೆಚ್ಚಿದರು. ಒಂದು ಲಕ್ಷದ ಮೂವತ್ತೈದು ಸಾವಿರ! ಭೂಮಿಗೆ ಮೂರು ಸುತ್ತು ಹಾಕಿ ನಾಲ್ಕನೆಯದಕ್ಕೆ ಹೊರಟ ಕಾರು. ಆಮೇಲೆ ಕೇಳಿದ್ದು ಅದೇ ಪ್ರಶ್ನೆ: "ಯಾರ ಕಾರ್ ಅಂಬ್ರ್?"

ಯಾರದೆಂದರೆ ಎಂಬತ್ತೆರಡು ವರ್ಷದ ಒಬ್ಬ ಒಂಟಿ ಮುದುಕಿಯದು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಮೂರನೆಯ ತರಗತಿಗೆ ಕಲಿಸಿದವರಂತೆ. ನಾನೂ ಟೀಚರೆಂದು ಮಗಳು ಹೇಳಿದ್ದೇ, ಆಕೆ ಒಳಗಿನಿಂದ ಒಂದು ಫೈಲು ತಂದು ನನ್ನ ಕೈಗೇ ಕೊಟ್ಟರು. ಏಳು ವರ್ಷದ ಒಂದೊಂದು ಬಿಲ್ಲೂ ತಾರೀಖಿನ ಪ್ರಕಾರ ಜೋಡಿಸಿದ್ದು. ಜೊತೆಗೊಂದು ನೋಟ್‌ಬುಕ್ಕು, ಯಾವ ದಿನ, ಎಷ್ಟನೆಯ ಮೈಲಿಗೆ ಎಣ್ಣೆ ಬದಲಿಸಿದ್ದು, ಟಯರು ಹಾಕಿಸಿದ್ದು ಎಂದು ಗುಂಡು ಗುಂಡಾದ ಅಕ್ಷರಗಳಲ್ಲಿ. ಪ್ರತಿ ಚಳಿಗಾಲದ ಕೊನೆಗೆ, ಕಾರಿನ ಅಡಿಭಾಗ ತೊಳೆಸಿದೆ ಎಂಬ ಒಂದು ಸಾಲು. ನಾನು ಬಗ್ಗಿ ನೋಡಿದೆ. ತುಕ್ಕು ಇಲ್ಲವೆನ್ನುವಷ್ಟು ಕಡಿಮೆ.

ಆದರೂ ಮಗಳು ಅಷ್ಟಕ್ಕೇ ಒಪ್ಪಲಿಲ್ಲ. ನೂರು ಡಾಲರು ಕೊಟ್ಟು ಬೇರೆ ಮೆಕ್ಯಾನಿಕ್ಕನಿಂದ ಪರೀಕ್ಷೆ ಮಾಡಿಸಿದಳು. ಅಜ್ಜಿಯ ಎದುರು ಹೀಗೆ ಮಾಡುವುದು ನನಗೆ ಮುಜುಗರವಾಯಿತು. ಆಕೆಗೇನೂ ಆಗಲಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ ಎಂದರು. ಮುಂದಿನ ಬ್ರೇಕ್ ಪ್ಯಾಡು ಸವೆದಿದೆಯೆಂದು ವರದಿ ಬಂತು. 7,800 ಹೇಳಿದ್ದ ಕಾರನ್ನು ಮಗಳು ಆ ಕಾಗದ ಮುಂದಿಟ್ಟು 7,400ಕ್ಕೆ ಇಳಿಸಿದಳು. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಬಿಟ್ಟು ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡುವ ನಮ್ಮ ವಿದ್ಯೆಯ ಅಗತ್ಯವೇ ಬೀಳಲಿಲ್ಲ.

ಮಾತು ಮುಗಿದ ಮೇಲೆ, ಏಕೆ ಮಾರುತ್ತಿದ್ದೀರಿ ಎಂದು ನಾನು ಕೇಳಿದೆ. ಕಣ್ಣಿನ ಡಾಕ್ಟರು ಇನ್ನು ಬೇಡ ಎಂದಿದ್ದಾರೆ, ಮಗ ದೂರದ ರಾಜ್ಯದಲ್ಲಿದ್ದಾನೆ ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಗುರುವಾರ ಲೈಬ್ರರಿಗೆ, ಭಾನುವಾರ ಚರ್ಚಿಗೆ, ಇನ್ನು ಯಾರನ್ನಾದರೂ ಕೇಳಬೇಕು ಎಂದರು. ಹಿಮದಲ್ಲಿ ಅರ್ಧ ಗಂಟೆ ನಡೆದವಳು ಅಲ್ಲೇ ಕುಳಿತಿದ್ದಳು, ತಲೆ ತಗ್ಗಿಸಿ ಫೈಲಿನ ಹಾಳೆ ತಿರುವುತ್ತ.

ಸೋಮವಾರ ಮೂವರೂ ಸರಕಾರಿ ಕಚೇರಿಗೆ ಹೋದೆವು. ಓಹಾಯೋದಲ್ಲಿ ಮಾರುವವರು ಕಾರಿನ ಹಕ್ಕುಪತ್ರಕ್ಕೆ ನೋಟರಿಯಂಥವರ ಮುಂದೆಯೇ ಸಹಿ ಹಾಕಬೇಕು. ನಮ್ಮ ಡಿ.ಡಿ.ಯಂಥ ಬ್ಯಾಂಕಿನ ಚೆಕ್ಕನ್ನು ಮಗಳು ಆಕೆಗೆ ಕೊಟ್ಟಳು. ಶೇಕಡಾ 7.5ರ ತೆರಿಗೆ, 555 ಡಾಲರು, ಕಚೇರಿಗೆ ಬೇರೆ. ಹೊರಗೆ ಬಂದ ಮೇಲೆ ಅಜ್ಜಿ ಚೀಲದಿಂದ ಒಂದು ಸ್ಕ್ರೂಡ್ರೈವರ್ ತೆಗೆದರು. ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ನಂಬರು ಕಾರಿನದು, ಕೆ.ಎ. 20 ಎಂದು ಹುಟ್ಟಿದ ಕಾರು ಉಡುಪಿ ಜಿಲ್ಲೆಯಲ್ಲಿ ಹತ್ತು ಕೈ ದಾಟಿದರೂ ಅದೇ ನಂಬರು. ಅಲ್ಲಿ ನಂಬರು ಮನುಷ್ಯರದು, ಮಾರಿದವರು ಬಿಚ್ಚಿಕೊಂಡು ಹೋಗಬೇಕು. ಆಕೆಯ ಕೈ ನಡುಗುತ್ತಿತ್ತು. ಮಗಳು ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಫಲಕಗಳನ್ನು ಬಿಚ್ಚಿ ಕೊಟ್ಟಳು. ಆಕೆ ಅವನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

ಅವರನ್ನು ಮನೆಗೆ ಬಿಟ್ಟುಬರುವುದು ನಮ್ಮದೇ ಕೆಲಸವಾಗಿತ್ತು. ಮುಂದೆ ಕುಳಿತುಕೊಳ್ಳಿ ಎಂದರೂ ಕೇಳದೆ ನನ್ನನ್ನು ಮುಂದೆ ಕೂರಿಸಿ ತಾವು ಹಿಂದೆ ಕುಳಿತರು. ದಾರಿಯುದ್ದಕ್ಕೂ, ಮಗಳು ಸಿಗ್ನಲ್ಲಿನ ಹತ್ತಿರ ಬಂದಾಗಲೆಲ್ಲ, ನನ್ನ ಸೀಟಿನ ಹಿಂದೆ ಅವರ ಪಾದ ಮ್ಯಾಟನ್ನು ಒತ್ತುವುದು ನನಗೆ ಕೇಳಿಸುತ್ತಿತ್ತು. ಮನೆಯ ಮುಂದೆ ಇಳಿದು, ಖಾಲಿ ಗ್ಯಾರೇಜಿನ ಬಾಗಿಲು ಮುಚ್ಚಿ, ಮತ್ತೆ ಕಿಟಕಿಯ ಹತ್ತಿರ ಬಂದರು. 87,000 ಮೈಲಿಗೆ ಎಣ್ಣೆ ಬದಲಿಸಬೇಕು, ಮರೆಯಬೇಡ ಎಂದರು. ಮಗಳು ನೋಟ್‌ಬುಕ್ಕನ್ನು ಸ್ಟಿಯರಿಂಗಿನ ಮೇಲೆ ಬಿಡಿಸಿಟ್ಟುಕೊಂಡು, ಆಕೆಯ ಕೊನೆಯ ಸಾಲಿನ ಕೆಳಗೆ ಅದನ್ನು ಬರೆದುಕೊಂಡಳು.