ಟ್ರಿಂಗ್‌ನ ಲೂಸಿಯ ಹೆಜ್ಜೆ ಹಿಡಿದು

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವಾಯವ್ಯ ದಿಕ್ಕಿಗೆ ಹೊರಡುವ ರೈಲು ಹತ್ತಿದರೆ ಸುಮಾರು 40 ನಿಮಿಷಕ್ಕೆ ಟ್ರಿಂಗ್ ಬರುತ್ತದೆ. ನಿಲ್ದಾಣಕ್ಕೆ ಊರಿನ ಹೆಸರಿದ್ದರೂ ಊರು ಅಲ್ಲಿಲ್ಲ. ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ದಾರಿಯಲ್ಲಿ ಹಳೆಯ ಕಾಲುವೆ ಸಿಗುತ್ತದೆ. ಬೆನ್ನ ಹಿಂದೆ ಚಿಲ್ಟರ್ನ್ ಗುಡ್ಡಗಳ ಸಾಲು. ಸುಣ್ಣಕಲ್ಲಿನ ಈ ಗುಡ್ಡಗಳ ಆಸುಪಾಸಿನಲ್ಲಿ ಬೆಳೆಯುತ್ತಿದ್ದ ಗೋಧಿಯ ಹುಲ್ಲು ಒಂದು ಕಾಲಕ್ಕೆ ಸಾವಿರಾರು ಮನೆಗಳ ಒಲೆ ಉರಿಸಿತ್ತು. ಸೌದೆಯಾಗಿ ಅಲ್ಲ, ಹೆಂಗಸರ ಬೆರಳುಗಳಲ್ಲಿ ಜಡೆಯಾಗಿ.

ಹರ್ಟ್‌ಫರ್ಡ್‌ಶೈರ್ ಸೀಮೆಯ ಅಂಚಿನಲ್ಲಿರುವ ಈ ಚಿಕ್ಕ ಪೇಟೆಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ನೋಡಲು ಹೋಗುವುದು ಪ್ರಾಣಿಗಳ ಮ್ಯೂಸಿಯಂಗೆ. ಶ್ರೀಮಂತ ರಾಥ್‌ಚೈಲ್ಡ್ ಮನೆತನದ ವಾಲ್ಟರ್‌ನ ಸಂಗ್ರಹಕ್ಕಾಗಿ ಕಟ್ಟಿದ, 1892ರಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯೂಸಿಯಂ ಇದು. ಗಾಜಿನ ಕಪಾಟುಗಳಲ್ಲಿ ಹುಲಿ, ಕರಡಿ, ಹಮ್ಮಿಂಗ್ ಬರ್ಡ್. ಬಟ್ಟೆ ತೊಡಿಸಿದ ಮೆಕ್ಸಿಕೋದ ಚಿಗಟಗಳು ಕೂಡ ಇಲ್ಲಿವೆ. ಅವನ್ನು ಭೂತಗನ್ನಡಿ ಇಟ್ಟು ನೋಡಬೇಕು. ಈ ಸಂಗ್ರಹದಲ್ಲಿ ಒಂದೊಂದು ಚಿಟ್ಟೆಗೂ ಚೀಟಿ ಬರೆದಿದೆ: ಯಾವ ಊರಿನದು, ಯಾವ ದಿನ ಸಿಕ್ಕಿತು, ಯಾರು ಹಿಡಿದರು.

ಅದೇ ಊರಿನ ಬ್ರೂಕ್ ಸ್ಟ್ರೀಟ್‌ನಲ್ಲಿ ಒಂದು ರೇಷ್ಮೆ ಗಿರಣಿ ಇತ್ತು. ಅಲ್ಲಿ ದುಡಿದ ಮಕ್ಕಳಿಗೆ ಇಂಥ ಚೀಟಿಗಳಿಲ್ಲ. ಯಾವ ಹುಡುಗಿ ಎಲ್ಲಿಂದ ಬಂದಳು, ಎಲ್ಲಿಗೆ ಹೋದಳು, ಬಹುತೇಕ ಯಾರೂ ಬರೆದಿಡಲಿಲ್ಲ. ಒಬ್ಬಳು ಮಾತ್ರ ತಾನೇ ಬರೆದಳು. ಅವಳ ಹೆಸರು ಲೂಸಿ ಲಕ್.

ಕಾಗದದ ಮೇಲಿನ ಬಡವಿ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿದ ಬಡ ಹೆಂಗಸಿನ ಜಾಡು ಹಿಡಿಯುವುದು ಹೇಗೆ? ಕಾಗದಪತ್ರ ಇಲ್ಲವೆಂದಲ್ಲ. ಚರ್ಚಿನಲ್ಲಿ ನಾಮಕರಣದ ದಾಖಲೆ ಇರುತ್ತದೆ. 1837ರ ಜುಲೈ 1ರಿಂದ ಸರ್ಕಾರವೇ ಜನನ, ಮರಣ, ಮದುವೆಗಳನ್ನು ನೋಂದಾಯಿಸತೊಡಗಿತು. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳನ್ನೂ ಬರೆದುಕೊಂಡರು. 1851ರ ಹೊತ್ತಿಗೆ ವಯಸ್ಸು, ಕಸುಬು, ಹುಟ್ಟಿದ ಊರು ಎಲ್ಲವೂ ಅದರಲ್ಲಿ ಸೇರಿದ್ದವು.

ಆದರೆ ಈ ಕಾಗದಗಳನ್ನೆಲ್ಲ ಬರೆದವರು ಬೇರೆಯವರು: ಪಾದ್ರಿ, ಗುಮಾಸ್ತ, ಗಣತಿದಾರ. ಹೆಂಗಸಿನ ಕೈಬರಹ ಸಿಗಬಹುದಾದ ಒಂದು ಜಾಗವೆಂದರೆ ಮದುವೆಯ ಪುಸ್ತಕ. 1840ರ ಸುಮಾರಿನಲ್ಲಿ ಮದುವಣಗಿತ್ತಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಅಲ್ಲಿಯೂ ರುಜು ಹಾಕಲಾರದೆ ಗುಣಾಕಾರದ ಗುರುತು ಹಾಕಿದರು. ಗಣತಿಯ ಕಸುಬಿನ ಅಂಕಣದಲ್ಲಿ ಹೆಂಡತಿಯ ಸಾಲು ಹಲವೆಡೆ ಖಾಲಿ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಕಳೆ ಕಿತ್ತು, ಕಲ್ಲು ಆರಿಸಿ, ಸುಗ್ಗಿಯಲ್ಲಿ ಸಿವುಡು ಕಟ್ಟಿದರೂ ಅದು ಕಸುಬೆಂದು ಗುಮಾಸ್ತನಿಗೆ ಅನ್ನಿಸದಿದ್ದರೆ ಮುಗಿಯಿತು.

ಬಡವರ ಬಗ್ಗೆ ವಿವರವಾಗಿ ಬರೆದುಕೊಂಡ ಇನ್ನೊಂದು ಕಡೆಯೂ ಇತ್ತು. ಅದು ಅನ್ನಕ್ಕೆ ಗತಿಯಿಲ್ಲದೆ ಪ್ಯಾರಿಷ್‌ನ ಬಾಗಿಲಿಗೆ ಬಂದಾಗ. ಕೈಕಾಲು ಗಟ್ಟಿಯಾಗಿರುವಷ್ಟು ದಿನ ಬಡವಿಯನ್ನು ಕೇಳುವವರಿಲ್ಲ, ಬಿದ್ದ ದಿನ ಮಾತ್ರ ಅವಳ ಹೆಸರು ಪುಸ್ತಕಕ್ಕೆ ಏರುತ್ತದೆ. ಹೀಗಾಗಿ ದಾಖಲೆಗಳನ್ನಷ್ಟೇ ನಂಬಿ ಹೊರಟವರಿಗೆ ಅವಳು ಬರೀ ಬೇಡುವವಳಾಗಿ ಕಾಣುತ್ತಾಳೆ, ದುಡಿಯುವವಳಾಗಿ ಅಲ್ಲ. ಲೂಸಿಯ ಬರಹಕ್ಕೆ ಬೆಲೆ ಬರುವುದು ಇಲ್ಲಿ.

ದುಡಿಮೆಮನೆಯ ಬಾಗಿಲು

ಲೂಸಿ ಹುಟ್ಟಿದ್ದು 1848ರಲ್ಲಿ, ಟ್ರಿಂಗ್‌ನಲ್ಲೇ. ತಂದೆ ಗಾರೆ ಕೆಲಸದವನು, ಕುಡುಕ. ಹೆಂಡತಿ ಮಕ್ಕಳನ್ನು ಬಿಟ್ಟು ಒಂದು ದಿನ ಹೊರಟೇ ಹೋದ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡ ತಾಯಿಗೆ ಉಳಿದದ್ದು ಒಂದೇ ದಾರಿ, ವರ್ಕ್‌ಹೌಸ್.

ವರ್ಕ್‌ಹೌಸ್ ಅಂದರೆ ಬಡವರ ದುಡಿಮೆಮನೆ. 1834ರ ಕಾಯಿದೆಯ ಪ್ರಕಾರ ಹಲವು ಪ್ಯಾರಿಷ್‌ಗಳು ಸೇರಿ ಒಂದು ಒಕ್ಕೂಟ, ಒಕ್ಕೂಟಕ್ಕೊಂದು ದುಡಿಮೆಮನೆ. ಊಟ, ಬಟ್ಟೆ, ಸೂರು ಸಿಗುತ್ತಿತ್ತು. ಆದರೆ ಒಳಗಿನ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತ ಕೀಳಾಗಿರಬೇಕು ಎಂಬುದು ಅದರ ಹಿಂದಿನ ತತ್ವ. ಹಾಗಿದ್ದರೆ ಮಾತ್ರ ಯಾರೂ ಸುಮ್ಮನೆ ಬಂದು ಸೇರುವುದಿಲ್ಲ ಎಂದು ಕಾಯಿದೆ ಮಾಡಿದವರ ಲೆಕ್ಕ. ಬಾಗಿಲು ದಾಟಿದ ಕೂಡಲೇ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಗಂಡ ಹೆಂಡತಿಯೂ ಬೇರೆ ಬೇರೆ. 60 ದಾಟಿದ ಮುದಿ ದಂಪತಿಗಳನ್ನು ಒಟ್ಟಿಗೆ ಇರಿಸಲು ಅವಕಾಶವಾದದ್ದು 1847ರಲ್ಲಿ. ಅಲ್ಲಿ ಸತ್ತವರ ಹೆಣವನ್ನು ಕೇಳಿಕೊಂಡು ಬಂಧುಗಳು ಬರದಿದ್ದರೆ, 1832ರ ಇನ್ನೊಂದು ಕಾಯಿದೆಯಂತೆ ಅದನ್ನು ವೈದ್ಯ ವಿದ್ಯಾರ್ಥಿಗಳು ಕೊಯ್ದು ಕಲಿಯಲು ಕೊಡಬಹುದಿತ್ತು. ಹಸಿವಿಗಿಂತ ಹೆಚ್ಚಾಗಿ ಜನ ಹೆದರಿದ್ದು ಇಂಥವುಗಳಿಗೆ.

ಟ್ರಿಂಗ್‌ನ ಬಡವರಿಗೆ ನಿಗದಿಯಾಗಿದ್ದ ದುಡಿಮೆಮನೆ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿತ್ತು. ಇಂದು ರೈಲಿನಲ್ಲಿ ಅದು ಲಂಡನ್ ಕಡೆಗಿನ ಮುಂದಿನ ನಿಲ್ದಾಣ, ಐದಾರು ನಿಮಿಷದ ಹಾದಿ. ಹಳೆಯ ಕೋಟೆಯ ಪಾಳು ಗೋಡೆಗಳು ನಿಲ್ದಾಣದ ಪಕ್ಕದಲ್ಲೇ ಕಾಣುತ್ತವೆ. ಕನ್ನಡಿಗರಿಗೂ ಈ ಊರಿನ ನಂಟು ಸಣ್ಣದಾಗಿ ಇದೆ. ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬೆಳಕು ಕಾಣಲು ನೆರವಾದ ಕಾದಂಬರಿಕಾರ ಗ್ರಹಾಂ ಗ್ರೀನ್ ಹುಟ್ಟಿದ್ದು ಇಲ್ಲಿ, 1904ರಲ್ಲಿ. ಅವರ ತಂದೆ ಇಲ್ಲಿನ ಶಾಲೆಯಲ್ಲಿ ಉಪಾಧ್ಯಾಯರು. ಆ ಶಾಲೆ ಈಗಲೂ ಇದೆ, ಕೋಟೆಯ ಗೋಡೆಗಳೂ ಇವೆ. ದುಡಿಮೆಮನೆಯ ಕಟ್ಟಡ ಮಾತ್ರ ಇಲ್ಲ, ಅದನ್ನು ಕೆಡವಿ ದಶಕಗಳೇ ಕಳೆದವು.

ಎಂಟು ವರ್ಷದ ಕೆಲಸಗಾರ್ತಿ

ದುಡಿಮೆಮನೆಯ ಮಕ್ಕಳನ್ನು ಹೆಚ್ಚು ಕಾಲ ಸಾಕುವುದು ತೆರಿಗೆ ಕೊಡುವವರಿಗೆ ಹೊರೆ. ಕೆಲಸಕ್ಕೆ ಬರುವ ವಯಸ್ಸಾದ ಕೂಡಲೇ ಹೊರಗೆ ಕಳುಹಿಸುವುದು ರೂಢಿ. ಲೂಸಿಗೆ ಆ ವಯಸ್ಸು ಎಂಟು. ಅವಳನ್ನು ಮತ್ತೆ ಟ್ರಿಂಗ್‌ಗೆ ತಂದು ರೇಷ್ಮೆ ಗಿರಣಿಗೆ ಸೇರಿಸಿ, ಗೊತ್ತುಗುರಿಯಿಲ್ಲದ ಮನೆಯೊಂದರಲ್ಲಿ ಇರಲು ಬಿಟ್ಟರು.

ಬ್ರೂಕ್ ಸ್ಟ್ರೀಟ್‌ನ ಈ ಗಿರಣಿಯನ್ನು ವಿಲಿಯಂ ಕೇ ಎಂಬಾತ 1824ರಲ್ಲಿ ಕಟ್ಟಿಸಿದ್ದ. ಇಲ್ಲಿ ಬಟ್ಟೆ ನೇಯುತ್ತಿರಲಿಲ್ಲ. ಹೊರದೇಶಗಳಿಂದ ಬಂದ ಕಚ್ಚಾ ರೇಷ್ಮೆಯ ಲಡಿಗಳನ್ನು ಬಿಚ್ಚಿ, ಸುತ್ತಿ, ಎಳೆಗಳನ್ನು ಕೂಡಿಸಿ ಹುರಿ ಮಾಡಿ ನೇಕಾರರಿಗೆ ಕಳುಹಿಸುತ್ತಿದ್ದರು. ರೇಷ್ಮೆ ಸೀಮೆಯ ಕನ್ನಡಿಗರಿಗೆ ಈ ಕೆಲಸವನ್ನು ವಿವರಿಸಬೇಕಾಗಿಲ್ಲ. ಎಳೆ ಕೂದಲಿಗಿಂತ ತೆಳು, ಕಡಿಯುತ್ತಲೇ ಇರುತ್ತದೆ. ಕಡಿದ ಕಡೆ ಗಂಟು ಹಾಕಲು ಸಣ್ಣ ಬೆರಳುಗಳು ಬೇಕು. ಲೂಸಿಯ ಬೆರಳು ಸಣ್ಣದಿದ್ದವು, ಆದರೆ ಆಳು ಕುಳ್ಳು. ಯಂತ್ರ ಎಟುಕದ ಕಾರಣ ಕಾಲಡಿಗೆ ಮರದ ಪೀಠ ಇಡಬೇಕಾಯಿತು.

ಇದು ಕಾಯಿದೆಗೆ ವಿರುದ್ಧವೇ? ಅಲ್ಲ. 1833ರ ಕಾರ್ಖಾನೆ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗಳಲ್ಲಿ ದುಡಿಸಬಾರದೆಂದು ಹೇಳಿತು. ಆದರೆ ರೇಷ್ಮೆ ಗಿರಣಿಗಳಿಗೆ ವಿನಾಯಿತಿ ಕೊಟ್ಟಿತು. 1844ರ ಕಾಯಿದೆ ಕನಿಷ್ಠ ವಯಸ್ಸನ್ನು ಎಂಟಕ್ಕೆ ಇಳಿಸಿತು. ಮಕ್ಕಳು ಅರ್ಧ ದಿನ ಗಿರಣಿ, ಉಳಿದ ಹೊತ್ತು ಶಾಲೆ ಎಂದು ನಿಯಮ ಮಾಡಿತು. ಅಲ್ಲಿಯೂ ರೇಷ್ಮೆಗೆ ಸಡಿಲಿಕೆ: ಎಳೆ ಸುತ್ತಿ ಹುರಿ ಮಾಡುವ ಮಕ್ಕಳು ಹನ್ನೊಂದು ದಾಟಿದರೆ ಪೂರ್ತಿ ದಿನ ದುಡಿಯಬಹುದು. ಎಂಟು ವರ್ಷದ ಲೂಸಿ ಪೀಠ ಹತ್ತಿ ನಿಂತದ್ದು ಹೀಗೆ ಕಾಯಿದೆಬದ್ಧವಾಗಿಯೇ. ಇಂದು ಗಿರಣಿಯ ಒಂದು ಭಾಗವಷ್ಟೇ ಉಳಿದಿದೆ. ಯಂತ್ರದ ಸದ್ದು ನಿಂತು ನೂರು ವರ್ಷ ದಾಟಿದೆ.

ಹುಲ್ಲಿನ ಜಡೆ

ಗಿರಣಿ ಬಿಟ್ಟ ಮೇಲೂ ಹುಡುಗಿಗೆ ಬಿಡುವಿಲ್ಲ. ಸಂಜೆಯ ಹೊತ್ತು ಹುಲ್ಲು ಹೆಣೆಯಬೇಕು. ಇದು ಲೂಸಿಯೊಬ್ಬಳ ಕತೆಯಲ್ಲ, ಟ್ರಿಂಗ್‌ನಿಂದ ಡನ್‌ಸ್ಟಬಲ್, ಲೂಟನ್ ತನಕ ಹಳ್ಳಿಹಳ್ಳಿಯ ಕತೆ. ನೆಪೋಲಿಯನ್ನನ ಯುದ್ಧಗಳಿಂದ ಇಟಲಿಯ ಹೆಣಿಗೆ ಬರುವುದು ನಿಂತಾಗ ಇಲ್ಲಿನ ಹುಲ್ಲಿಗೆ ಬೆಲೆ ಬಂತು. ಗೋಧಿಯ ದಂಟನ್ನು ಸಣ್ಣ ಸಲಕರಣೆಯಿಂದ ಉದ್ದಕ್ಕೆ ಸೀಳಿ, ಆ ಎಳೆಗಳನ್ನು ಜಡೆಯಂತೆ ಹೆಣೆದು, ಪುಟ್ಟ ಮರದ ರೋಲರಿನಲ್ಲಿ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಲೆಕ್ಕವೆಲ್ಲ ಇಪ್ಪತ್ತು ಗಜಕ್ಕೆ ಒಂದು ಕಂತೆ. ಸಂತೆಯ ದಿನ ವ್ಯಾಪಾರಿ ಕೊಳ್ಳುತ್ತಿದ್ದ, ಟೋಪಿ ಹೊಲಿಯುವವರಿಗೆ ಮಾರುತ್ತಿದ್ದ.

ಈ ಕೆಲಸಕ್ಕೆ ಮಗ್ಗ ಬೇಡ, ಮೇಜು ಬೇಡ. ಬಾಗಿಲಲ್ಲಿ ನಿಂತು, ದಾರಿ ನಡೆಯುತ್ತ, ತೊಟ್ಟಿಲು ತೂಗುತ್ತ ಹೆಣೆಯಬಹುದು. ಎಳೆಗಳು ಮೆತ್ತಗಾಗಲೆಂದು ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದ ಕಾರಣ ತುಟಿಯ ಅಂಚು ಒಡೆದು ಹುಣ್ಣಾಗುತ್ತಿತ್ತು. ಮೂರು ನಾಲ್ಕು ವರ್ಷದ ಕೂಸುಗಳನ್ನು ಕೂಡ ‘ಹೆಣಿಗೆ ಶಾಲೆ’ಗೆ ಕಳುಹಿಸುತ್ತಿದ್ದರು. ಹೆಸರಿಗಷ್ಟೇ ಶಾಲೆ. ಯಾರದೋ ಮನೆಯ ಇಕ್ಕಟ್ಟು ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ, ಇಷ್ಟು ಗಜ ಆಗಲೇಬೇಕೆಂದು ಕಾಯುವ ಹೆಂಗಸಿಗೆ ವಾರಕ್ಕೆ ಒಂದೆರಡು ಪೆನ್ನಿ ಶುಲ್ಕ. ತಂದೆತಾಯಿಗಳು ಕಲ್ಲೆದೆಯವರಾಗಿರಲಿಲ್ಲ. ಹೊಲದ ಕೂಲಿಯಿಂದ ಸಂಸಾರದ ಹೊಟ್ಟೆ ತುಂಬುತ್ತಿರಲಿಲ್ಲ. ಮಗುವಿನ ಬೆರಳು ದುಡಿದ ಪೆನ್ನಿಯೂ ರೊಟ್ಟಿಯ ಲೆಕ್ಕಕ್ಕೆ ಬೇಕಾಗಿತ್ತು. ಇಂಥ ಕೈಕಸುಬುಗಳಲ್ಲಿ ಎಂಟು ವರ್ಷದೊಳಗಿನವರನ್ನು ದುಡಿಸಬಾರದೆಂದು ಕಾಯಿದೆಯಾದದ್ದು 1867ರಲ್ಲಿ. ಅದು ಮನೆಯೊಳಗೆ ಎಷ್ಟು ನಡೆದೀತು ಎಂಬುದನ್ನು ಊಹಿಸಬಹುದು.

ಹೆಣಿಗೆಗೆ ಇನ್ನೊಂದು ಮುಖವೂ ಇತ್ತು. ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಚುರುಕು ಬೆರಳಿನ ಹೆಂಗಸು ಹೊಲದ ಕೂಲಿಯಾಳಿಗೆ ಸರಿಸಮನಾಗಿ ಸಂಪಾದಿಸಬಲ್ಲವಳಾಗಿದ್ದಳು. ಆಗ ಊರ ದೊಡ್ಡವರ ದೂರು ಬೇರೆ: ಈ ಹುಡುಗಿಯರು ಮನೆಗೆಲಸಕ್ಕೆ ಸಿಗುವುದಿಲ್ಲ, ಮಾತು ಹೆಚ್ಚು, ಉಡುಪಿನ ಶೋಕಿ ಹೆಚ್ಚು! ತನ್ನ ಕಾಸು ತನ್ನ ಕೈಯಲ್ಲಿದ್ದ ಬಡ ಹುಡುಗಿಯನ್ನು ಕಂಡರೆ ಆಗದವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಲೂಸಿಗೂ ಕೊನೆಗೆ ಕೈಹಿಡಿದದ್ದು ಈ ಹುಲ್ಲೇ. ಅದಕ್ಕೆ ಮುಂಚೆ ಅವಳು ಕಂಡವರ ಮನೆಗಳಲ್ಲಿ ಆಳಾಗಿ ದುಡಿದಳು. ಹದಿನೈದರ ಹರೆಯದಲ್ಲಿ, ಹೇಳಕೇಳುವವರಿಲ್ಲದ ಹುಡುಗಿಯೆಂದು ತಿಳಿದು ಯಜಮಾನನೊಬ್ಬ ಅವಳನ್ನು ಕೆಡಿಸಲು ಮತ್ತೆ ಮತ್ತೆ ಯತ್ನಿಸಿದ. ಅವಳು ಒಪ್ಪಲಿಲ್ಲ. ಇಂಥದ್ದು ಯಾವ ಗಣತಿಯ ಅಂಕಣದಲ್ಲೂ ಸಿಗುವುದಿಲ್ಲ. ‘ಮನೆಗೆಲಸದವಳು’ ಎಂಬ ಒಂದೇ ಪದದ ಹಿಂದೆ ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರು ಇದನ್ನು ನುಂಗಿಕೊಂಡರೋ!

ಟೋಪಿಗಳ ಊರು

ಟ್ರಿಂಗ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಲೂಟನ್ ಇಂದು ವಿಮಾನ ನಿಲ್ದಾಣಕ್ಕೆ ಹೆಸರಾದ ದೊಡ್ಡ ಊರು. ಲೂಸಿಯ ಕಾಲಕ್ಕೆ ಅದು ಹುಲ್ಲಿನ ಟೋಪಿಗಳ ರಾಜಧಾನಿ. ಹೆಣಿಗೆ ಮಾರಲೆಂದೇ 1869ರಲ್ಲಿ ಅಲ್ಲಿ ದೊಡ್ಡ ಮಾರುಕಟ್ಟೆ ಕಟ್ಟಡಗಳು ಎದ್ದವು. ಅಲ್ಲಿನ ವಾರ್ಡೌನ್ ಹೌಸ್ ಮ್ಯೂಸಿಯಂನಲ್ಲಿ ಸೀಳುವ ಸಲಕರಣೆ, ಬಗೆಬಗೆಯ ಹೆಣಿಗೆ, ಟೋಪಿಗಳನ್ನು ಇಟ್ಟಿದ್ದಾರೆ. ಶಾಲಾ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುವಂಥವು.

ಲೂಸಿ ಟೋಪಿ ಹೊಲಿಯುವುದನ್ನು ಕಲಿತಳು. 1867ರಲ್ಲಿ ವಿಲ್ ಲಕ್ ಎಂಬ ಹೊಲದ ಕೆಲಸಗಾರನನ್ನು ಮದುವೆಯಾದಳು. ಮುಂದೆ ಸಂಸಾರ ಲಂಡನ್ ಸೇರಿತು. ಏಳು ಮಕ್ಕಳು. ವರ್ಷದ ಕೆಲವೇ ತಿಂಗಳು ಟೋಪಿಯ ಕೆಲಸ, ಉಳಿದ ತಿಂಗಳು ಕೈಗೆ ಸಿಕ್ಕ ಬೇರೆ ಕೆಲಸ. 47 ವರ್ಷ ದುಡಿದೆ, ಒಂದು ಸುಗ್ಗಿಯನ್ನೂ ತಪ್ಪಿಸಲಿಲ್ಲ ಎಂದು ಅವಳು ಹೆಮ್ಮೆಯಿಂದ ಲೆಕ್ಕ ಹೇಳುತ್ತಾಳೆ. ಅಷ್ಟರಲ್ಲಿ ಹುಟ್ಟೂರಿನ ಹೆಣಿಗೆಯ ಕಸುಬು ಸತ್ತಿತ್ತು. 1870ರ ನಂತರ ಚೀನಾದಿಂದ, ಆಮೇಲೆ ಜಪಾನಿನಿಂದ ಅಗ್ಗದ ಜಡೆ ಬಂದು ಹಳ್ಳಿಯ ಹೆಂಗಸರ ಕೈ ಖಾಲಿಯಾಯಿತು.

ಲೂಸಿ ತೀರಿಕೊಂಡದ್ದು 1922ರಲ್ಲಿ. ಅವಳು ಬರೆದಿಟ್ಟ ಬಾಳಿನ ಕತೆ ‘ಎ ಲಿಟ್ಲ್ ಆಫ್ ಮೈ ಲೈಫ್’ ಎಂಬ ಹೆಸರಿನಲ್ಲಿ 1926ರಲ್ಲಿ ‘ಲಂಡನ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ 1974ರಲ್ಲಿ ಇತಿಹಾಸಕಾರ ಜಾನ್ ಬರ್ನೆಟ್ ದುಡಿಯುವ ಜನರ ಆತ್ಮಕಥನಗಳ ಸಂಕಲನದಲ್ಲಿ ಅದನ್ನು ಸೇರಿಸಿದ ಮೇಲೆ ವಿದ್ಯಾರ್ಥಿಗಳ ಕೈಗೂ ಸಿಕ್ಕಿತು. ‘ನನ್ನ ಬಾಳಿನ ಒಂದಿಷ್ಟು’ ಎಂದು ಅವಳು ಕೇಳಿದ್ದು ಸಣ್ಣ ಜಾಗವನ್ನೇ. ಆದರೆ ಆ ಒಂದಿಷ್ಟು ಇಲ್ಲದಿದ್ದರೆ ಏನು ಸಿಗುತ್ತಿತ್ತು? ಅವಳ ಬಾಳಿನುದ್ದಕ್ಕೆ 1851ರಿಂದ 1921ರವರೆಗೆ ಎಂಟು ಗಣತಿಗಳು ನಡೆದವು. ಗಣತಿಯ ಹಾಳೆಗಳನ್ನು ನೂರು ವರ್ಷ ಗೋಪ್ಯವಾಗಿಟ್ಟು ಆಮೇಲೆ ತೆರೆಯುವುದು ಅಲ್ಲಿನ ಪದ್ಧತಿ. ಹೀಗಾಗಿ ಕೊನೆಯದು 2022ರ ಜನವರಿಯಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಎಂಟು ಗಣತಿಯೆಂದರೆ ಎಂಟು ಸಾಲು. ಹೆಸರು, ವಯಸ್ಸು, ಹುಟ್ಟಿದ ಊರು. ಕಾಲಡಿಯ ಪೀಠ ಅದರಲ್ಲಿಲ್ಲ.

ಇತಿಹಾಸ ಓದುವ ಮಕ್ಕಳು ದಾಖಲೆಯನ್ನು ನಂಬಬೇಕು, ಜೊತೆಗೆ ಅದನ್ನು ಬರೆದವರು ಯಾರು ಎಂದೂ ಕೇಳಬೇಕು. ಟ್ರಿಂಗ್‌ಗೆ ಹೋಗುವವರು ಚಿಗಟಗಳ ಉಡುಪನ್ನು ಅವಶ್ಯ ನೋಡಲಿ, ಮಕ್ಕಳಿಗೆ ಅದು ಮರೆಯಲಾಗದ ನೋಟ. ಆಮೇಲೆ ಹತ್ತೆಂಟು ನಿಮಿಷ ನಡೆದರೆ ಬ್ರೂಕ್ ಸ್ಟ್ರೀಟ್. ಇಟ್ಟಿಗೆಯ ಆ ಹಳೆಯ ಗೋಡೆಯ ಮುಂದೆ ನಿಂತಾಗ ಎಂಟು ವರ್ಷದ ಮಗುವಿನ ಎತ್ತರ ಎಷ್ಟಿರುತ್ತದೆ ಎಂದು ಪಕ್ಕದಲ್ಲಿರುವ ಮಗುವನ್ನು ಒಮ್ಮೆ ನೋಡಿದರೆ ಸಾಕು.