ಇಚ್ಛಾಪರಿಮಾಣವೂ ಒಂದು ಕಾರೂ

1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಕಂಡು ಭಟ್ಕಳಕ್ಕೆ ಮರಳಿದ ವಾರದಲ್ಲಿಯೇ ನಾನು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ಅದರ ಮಿತಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಮನೆ ಒಂದು, ತೋಟ ಇಷ್ಟು, ಬಂಗಾರ ಇಷ್ಟು ಎಂದು ಬರೆಯುತ್ತ ಬಂದವನು ಏಳನೆಯ ಸಾಲಿನಲ್ಲಿ ‘ವಾಹನ: ಒಂದು’ ಎಂದು ನಮೂದಿಸಿದೆ. ಆಗ ನನ್ನಲ್ಲಿದ್ದುದು ಒಂದು ಹಳೆಯ ಸ್ಕೂಟರು ಮಾತ್ರ. ಆ ಪುಟ್ಟ ಸಾಲು ಮೂವತ್ತು ವರ್ಷಗಳ ತರುವಾಯ ನನ್ನನ್ನು ಪರೀಕ್ಷೆಗೆ ಒಡ್ಡೀತೆಂದು ನಾನು ಎಣಿಸಿರಲಿಲ್ಲ.

2025ರ ಆರಂಭದಲ್ಲಿ ನಮ್ಮ ಕಾರಿಗೆ ಹದಿನೈದು ವರ್ಷ ತುಂಬುತ್ತಲಿತ್ತು. ಗೃಹಿಣಿಯ ಮೊಣಕಾಲಿನ ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಬಾರಿ ಮಂಗಳೂರಿಗೆ ಹೋಗಬೇಕು; ಒಂದು ದಿಕ್ಕಿಗೆ ಸುಮಾರು 140 ಕಿಲೋಮೀಟರು. ವಾಹನದ ಅಗತ್ಯ ನಿಜವಾದುದೇ. ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ, “ಅಪ್ಪಯ್ಯ, ಈ ಸಲದ ಕಾರು ನನ್ನದು. ಯಾವುದೆಂದು ಮಾತ್ರ ನೀವು ಹೇಳಿ” ಎಂದನು. ಅವನು ಸೂಚಿಸಿದ ಕಾರುಗಳು ಎರಡು: ಟೊಯೋಟಾ ಕ್ಯಾಮ್ರಿ ಮತ್ತು ಲೆಕ್ಸಸ್ ಇಎಸ್ 300ಎಚ್. ಎರಡೂ ಹೈಬ್ರಿಡ್ ಸೆಡಾನುಗಳು. “ಪೆಟ್ರೋಲು ಕಡಿಮೆ ಸುಡುತ್ತದೆ, ಹಿಂಸೆಯೂ ಅಷ್ಟು ಕಡಿಮೆಯಲ್ಲವೇ?” ಎಂದು ಅವನು ಸೇರಿಸಿದ ಮಾತು ನನಗೆ ಬಹಳ ಹಿಡಿಸಿತು. ಆಸೆಗೆ ಧರ್ಮದ ಆಧಾರವೂ ದೊರೆತರೆ ಯಾರಿಗೆ ಹಿಡಿಸದು?

ಅಂದಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುತ್ತದೆ. ಬ್ರೇಕು ಒತ್ತಿದಾಗ ಬಿಸಿಯಾಗಿ ಕಳೆದುಹೋಗುತ್ತಿದ್ದ ಶಕ್ತಿಯಲ್ಲಿ ಒಂದು ಭಾಗವನ್ನು ಮೋಟಾರು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ನಿಧಾನಗತಿಯಲ್ಲಿ ಅದೇ ವಿದ್ಯುತ್ತು ಕಾರನ್ನು ನಡೆಸುತ್ತದೆ. ಕ್ಯಾಮ್ರಿ, ಲೆಕ್ಸಸ್ ಎರಡರಲ್ಲಿಯೂ 2.5 ಲೀಟರಿನ ಎಂಜಿನ್ನು. ನಾವು ವಿಚಾರಿಸಿದಾಗ ಎರಡೂ ಬಿಡದಿಯ ಕಾರ್ಖಾನೆಯಲ್ಲಿಯೇ ಜೋಡಣೆಯಾಗುತ್ತಿದ್ದವು. ಪ್ರತಿಸ್ಪರ್ಧಿಗಳೆಂದು ನಾವು ತೂಗುತ್ತಿದ್ದವು ವಾಸ್ತವವಾಗಿ ಒಂದೇ ಮನೆತನದ ದಾಯಾದಿಗಳು! 2024ರ ಡಿಸೆಂಬರಿನಲ್ಲಿ ಬಂದ ಹೊಸ ಕ್ಯಾಮ್ರಿಯ ಬೆಲೆ ಆಗ 48 ಲಕ್ಷ ರೂಪಾಯಿ ಇತ್ತು. ಲೆಕ್ಸಸ್ಸಿನದು 60 ಲಕ್ಷವನ್ನು ಮೀರಿತ್ತು.

ಜೈನರಾದ ನಮಗೆ ಆಸನದ ಹೊದಿಕೆಯ ಪ್ರಶ್ನೆಯೂ ಮುಖ್ಯ. ಲೆಕ್ಸಸ್ಸಿನ ಕೆಳಗಿನ ದರ್ಜೆಯಲ್ಲಿ ಕೃತಕ ಹೊದಿಕೆ, ಮೇಲಿನ ದರ್ಜೆಯಲ್ಲಿ ನಿಜವಾದ ಚರ್ಮ. ಹೆಚ್ಚು ಹಣ ತೆತ್ತರೆ ಹೆಚ್ಚು ಹಿಂಸೆ ದೊರೆಯುವ ವ್ಯವಸ್ಥೆ ಇದು. “ಚರ್ಮವಿದ್ದರೇನು ಸರ್, ಮೇಲೆ ಬಟ್ಟೆಯ ಕವರು ಹಾಕಿಸಿಕೊಡುತ್ತೇವೆ” ಎಂದು ಒಬ್ಬ ಮಾರಾಟಗಾರನು ಸಮಾಧಾನ ಹೇಳಿದನು. ಅದು ಹಿಂಸೆಯನ್ನು ಮುಚ್ಚುವ ಉಪಾಯವೇ ಹೊರತು ತಪ್ಪಿಸುವ ಉಪಾಯವಲ್ಲ. ಕಾರು ಕೊಳ್ಳುವ ಬಂಧುಗಳು ಆಸನ, ಬಾಗಿಲಿನ ಒಳಮೈ, ಸ್ಟೇರಿಂಗಿನ ಹೊದಿಕೆ ಇವುಗಳ ಬಗ್ಗೆ ಬರಹದಲ್ಲಿಯೇ ಉತ್ತರ ಪಡೆಯುವುದು ಒಳ್ಳೆಯದು.

ನನ್ನ ಷಡ್ಡಕರಲ್ಲಿ ಒಂದು ಕ್ಯಾಮ್ರಿ ಇದೆ. “ಎರಡು ದಿನ ಇಟ್ಟುಕೊಂಡು ಓಡಿಸಿ ನೋಡಿ” ಎಂದು ಚಾಲಕನೊಡನೆ ಕಳುಹಿಸಿಕೊಟ್ಟರು. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗೆ ನಮಸ್ಕರಿಸಿ ಹೊರಟೆವು. ಹೊನ್ನಾವರದವರೆಗಿನ ಹೆದ್ದಾರಿಯಲ್ಲಿ ಎಂಜಿನ್ನೇ ಬಹುಪಾಲು ದುಡಿಯಿತು. ಹೈಬ್ರಿಡ್ಡಿನ ಲಾಭ ಹೆಚ್ಚಾಗಿ ಊರೊಳಗಿನ ನಿಧಾನದ ಓಡಾಟದಲ್ಲಿ ಎಂಬುದು ಅಲ್ಲಿ ತಿಳಿಯಿತು. ಅಲ್ಲಿಂದ ಗೃಹಿಣಿಯ ಬಹುದಿನದ ಅಪೇಕ್ಷೆಯಂತೆ ಶರಾವತಿಯ ಮೇಲ್ಭಾಗಕ್ಕೆ, ಗೇರುಸೊಪ್ಪೆಗೆ ಹೋದೆವು. ಕೊನೆಯ ಹಾದಿಯಲ್ಲಿ ಕಾರಿನ ತಳ ಕಲ್ಲಿಗೆ ತಗಲೀತೆಂದು ಚಾಲಕನು ಅಂಜಿದ್ದರಿಂದ ಆಕೆ ನನ್ನ ತೋಳು ಹಿಡಿದು ನಡೆದಳು. ಕಾಳುಮೆಣಸಿನ ವ್ಯಾಪಾರದಿಂದ ಹೆಸರಾಗಿ, ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡ ಚೆನ್ನಭೈರಾದೇವಿಯ ನಗರ ಅದು. ಪೇಟೆಯಿಲ್ಲ, ಅರಮನೆಯಿಲ್ಲ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಚತುರ್ಮುಖ ಬಸದಿ ನಿಂತಿದೆ. ದೊರೆಗಳು ಯಾವ ವಾಹನದಲ್ಲಿ ಅಲ್ಲಿಗೆ ಬರುತ್ತಿದ್ದರೋ ಕೇಳುವವರಿಲ್ಲ.

ಈ ಭಾವ ಮನಸ್ಸಿನಲ್ಲಿ ಉಳಿದಿದ್ದರೆ ಚೆನ್ನಾಗಿತ್ತು. ಸಂಜೆ ಕುಮಟೆಯಲ್ಲಿ ನಮ್ಮ ನೆಂಟರ ಮನೆಯ ಮುಂದೆ ಕಾರು ನಿಂತಿತು. ನೆರೆಯವರು ಹೊರಗೆ ಬಂದು ನೋಡಿದರು. ನಲವತ್ತು ವರ್ಷಗಳಿಂದ ನನ್ನನ್ನು ಬಲ್ಲ ನೆಂಟರು ಗೃಹಿಣಿಯ ಮೊಣಕಾಲಿನ ಸುದ್ದಿ ಕೇಳುವುದಕ್ಕೆ ಮೊದಲು ಕಾರಿನ ಬೆಲೆಯನ್ನು ಕೇಳಿದರು. ಕಾರು ನನ್ನದಲ್ಲವೆಂದು ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಬೆಲೆಯನ್ನು ಮಾತ್ರ ಹೇಳಿದೆ. ಆ ಒಂದು ಗಳಿಗೆ ನನಗೆ ಬಹಳ ಹಿತವಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಆ ರಾತ್ರಿ ನಿದ್ರೆ ಬಾರದೆ, ಮನೆಗೆ ಮರಳಿದ ಮೇಲೆ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದೆ. ಸಮಂತಭದ್ರ ಆಚಾರ್ಯರು ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನು ಹೇಳುತ್ತಾರೆ. ಅದರ ಐದು ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ! ದುಡಿಯುವ ಪ್ರಾಣಿಗಳನ್ನು ಶಕ್ತಿ ಮೀರಿ ನಡೆಸುವುದೆಂದು ಅದಕ್ಕೆ ಒಂದು ಅರ್ಥ. ಅಗತ್ಯ ಮೀರಿ ವಾಹನಗಳನ್ನು ಇರಿಸಿಕೊಳ್ಳುವುದೆಂದು ಇನ್ನೊಂದು. ಅತಿಸಂಗ್ರಹದ ನಂತರ ಬರುವುದು ವಿಸ್ಮಯ, ಅಂದರೆ ಪರರ ಸಂಪತ್ತನ್ನು ಕಂಡು ಬೆರಗಾಗಿ ಮನಸ್ಸು ಕಲಕುವುದು. ಕುಮಟೆಯ ಅಂಗಳದಲ್ಲಿ ನಡೆದುದು ಅದೇ. ನೆಂಟರ ವಿಸ್ಮಯಕ್ಕೆ ನಾನು ಕಾರಣನಾದೆ. ಅದೂ ಪರರ ಕಾರಿನಿಂದ.

ನೋಟುಪುಸ್ತಕದ ಏಳನೆಯ ಸಾಲನ್ನು ಮತ್ತೆ ನೋಡಿದೆ. ಲೆಕ್ಸಸ್ ಕೊಂಡರೂ ವಾಹನ ಒಂದೇ. ಮಗನ ಹೆಸರಿನಲ್ಲಿ ನೋಂದಾಯಿಸಿದರೆ ಆ ಒಂದೂ ನನ್ನದಲ್ಲ. ವ್ರತಕ್ಕೆ ಅಕ್ಷರಶಃ ಯಾವ ಭಂಗವೂ ಇಲ್ಲ. ಆದರೆ ನಾನು ಅಂದು ವಸ್ತುಗಳನ್ನು ಎಣಿಸಿದ್ದೆನೇ ಹೊರತು ಇಚ್ಛೆಯನ್ನು ಅಳೆದಿರಲಿಲ್ಲ. ಕ್ಯಾಮ್ರಿಯೋ ಲೆಕ್ಸಸ್ಸೋ ಎಂಬ ಎರಡು ತಿಂಗಳ ಹೋಲಿಕೆ, ಇವೆರಡೂ ಏಕೆ ಬೇಕು ಎಂಬ ಪ್ರಶ್ನೆಯನ್ನು ಬಹು ಜಾಣತನದಿಂದ ಮರೆಮಾಡಿತ್ತು.

‘ಹಿಂಸೆ ಕಡಿಮೆ’ ಎಂಬ ವಾದವನ್ನೂ ಲೆಕ್ಕಕ್ಕೆ ಒಡ್ಡಿದೆ. ನಮ್ಮ ಓಡಾಟ ವರ್ಷಕ್ಕೆ ಸುಮಾರು 10,000 ಕಿಲೋಮೀಟರು. ಹಳೆಯ ಕಾರು ಲೀಟರಿಗೆ 14ರಂತೆ 714 ಲೀಟರು ಪೆಟ್ರೋಲು ಸುಡುತ್ತದೆ. ಕ್ಯಾಮ್ರಿಗೆ ಕಂಪನಿ ಘೋಷಿಸಿದ್ದು 25 ಕಿಲೋಮೀಟರಿಗೆ ತುಸು ಹೆಚ್ಚು. ರಸ್ತೆಯಲ್ಲಿ ಅಷ್ಟು ಬಾರದಿದ್ದರೂ ಅದನ್ನೇ ಹಿಡಿದರೆ ಸುಮಾರು 400 ಲೀಟರು. ಉಳಿತಾಯ ವರ್ಷಕ್ಕೆ 32,000 ರೂಪಾಯಿ. ಆದರೆ ಕರ್ನಾಟಕದಲ್ಲಿ ಈ ಬೆಲೆಯ ಕಾರಿಗೆ ರಸ್ತೆ ತೆರಿಗೆ ನೂರಕ್ಕೆ 18. ಅದೊಂದೇ ಎಂಟೂವರೆ ಲಕ್ಷವನ್ನು ಮೀರುತ್ತದೆ. ಆ ತೆರಿಗೆಯ ಹಣ ಪೆಟ್ರೋಲಿನ ಉಳಿತಾಯದಿಂದ ಹಿಂದಿರುಗಲು ಇಪ್ಪತ್ತೇಳು ವರ್ಷ ಬೇಕು! ಅದೇ ವೇಳೆಗೆ 20 ಲಕ್ಷದ ಆಸುಪಾಸಿನಲ್ಲಿ ದೊರೆಯುತ್ತಿದ್ದ ಹೋಂಡಾ ಸಿಟಿ ಹೈಬ್ರಿಡ್ಡಿಗೆ ಘೋಷಿಸಿದ್ದು ಲೀಟರಿಗೆ 27 ಕಿಲೋಮೀಟರು. ಅಗ್ನಿಕಾಯ, ವಾಯುಕಾಯ ಜೀವಗಳ ಹಿಂಸೆಯನ್ನು ಕಡಿಮೆ ಮಾಡುವುದೇ ನಮ್ಮ ಉದ್ದೇಶವಾಗಿದ್ದರೆ ಮೊದಲ ದಿನವೇ ಈ ಚಿಕ್ಕ ಕಾರನ್ನು ವಿಚಾರಿಸಬೇಕಿತ್ತು.

ಇನ್ನೊಂದು ಲೆಕ್ಕ ಹೆಚ್ಚು ನಾಚಿಕೆಯದು. ಕಾರುಗಳನ್ನು ಹೋಲಿಸಿ ನೋಡುವುದಕ್ಕೆಂದೇ ಮಂಗಳೂರಿಗೆ ಮೂರು ಬಾರಿ, ಬೆಂಗಳೂರಿಗೆ ಒಂದು ಬಾರಿ ಹಳೆಯ ಕಾರಿನಲ್ಲಿ ಹೋಗಿ ಬಂದಿದ್ದೆ. 1,700 ಕಿಲೋಮೀಟರಿಗೆ ಕಡಿಮೆಯಿಲ್ಲ. 120 ಲೀಟರು ಪೆಟ್ರೋಲು. ಪೆಟ್ರೋಲು ಉಳಿಸುವ ಬಗೆಯನ್ನು ತಿಳಿಯಲು ಸುಟ್ಟ ಪೆಟ್ರೋಲು ಇದು. ನಿಷ್ಪ್ರಯೋಜಕವಾಗಿ ಅಲೆಯುವುದನ್ನೂ ಅಲೆಸುವುದನ್ನೂ ಶ್ರಾವಕಾಚಾರವು ಪ್ರಮಾದಚರ್ಯೆ ಎಂದು ಅನರ್ಥದಂಡದಲ್ಲಿ ಸೇರಿಸಿದೆ.

ಬಸದಿಗಳ ಆಡಳಿತ ನಡೆಸುವ ಬಂಧುಗಳಲ್ಲಿಯೂ ಒಂದು ಅರಿಕೆ. ನಾನು ಟ್ರಸ್ಟೊಂದರ ಸದಸ್ಯನಾಗಿದ್ದಾಗ ವಾರ್ಷಿಕೋತ್ಸವದ ದಿನ ದೊಡ್ಡ ಕಾರಿನಲ್ಲಿ ಬಂದವರನ್ನು ಎದುರ್ಗೊಂಡು ಮುಂದಿನ ಸಾಲಿಗೆ ಕರೆದೊಯ್ದಿದ್ದೇನೆ. ಬಸ್ಸಿನಲ್ಲಿ ಬಂದ, ನಮ್ಮ ಮಕ್ಕಳಿಗೆ ವರ್ಷಗಟ್ಟಲೆ ಧರ್ಮಪಾಠ ಹೇಳಿದ ವೃದ್ಧ ಅಧ್ಯಾಪಕರು ಅಂದು ಕಂಬದ ಮರೆಯಲ್ಲಿ ಕುಳಿತು ಪೂಜೆ ನೋಡಿದರು. ವಾಹನವನ್ನು ನೋಡಿ ಆಸನ ಕೊಡುವುದು ನಾವಾದರೆ, ದೊಡ್ಡ ವಾಹನ ಬೇಕೆನಿಸುವುದು ಕೊಳ್ಳುವವನ ತಪ್ಪು ಮಾತ್ರವೇ?

ಕೊನೆಗೆ ಚಿಕ್ಕ ಹೈಬ್ರಿಡ್ಡನ್ನೇ ಕೊಂಡೆವು. ಉಳಿದ ಹಣವನ್ನು ಜೀರ್ಣೋದ್ಧಾರಕ್ಕೆ ಕೊಟ್ಟೆನೆಂದು ಬರೆಯಲು ಆಗುವುದಿಲ್ಲ. ಆ ಹಣ ಮಗನದು. ಅವನಿಗೆ ನನ್ನ ತೀರ್ಮಾನದಿಂದ ನೋವಾಯಿತು. “ನಾನು ಕೊಡುವುದನ್ನು ಸ್ವೀಕರಿಸಲೂ ನಿಮಗೆ ವ್ರತ ಅಡ್ಡಿಯೇ?” ಎಂದು ಕೇಳಿ ಎರಡು ವಾರ ದೂರವಾಣಿ ಮಾಡಲಿಲ್ಲ. ಅವನ ಪ್ರೀತಿಯನ್ನು ನಾನು ನಿರಾಕರಿಸಲಿಲ್ಲ, ನನ್ನ ಆಸೆಗೆ ಅದನ್ನು ನೆಪವಾಗಿಸಿಕೊಳ್ಳಲು ಒಪ್ಪಲಿಲ್ಲ ಎಂಬುದನ್ನು ಅವನಿಗೆ ಪತ್ರದಲ್ಲಿ ಬರೆದೆ. ಕ್ಯಾಮ್ರಿಯ ಹಿಂದಿನ ಆಸನ ಗೃಹಿಣಿಯ ಕಾಲಿಗೆ ಹೆಚ್ಚು ಅನುಕೂಲವಾಗಿತ್ತೆಂಬುದೂ ನಿಜ. ಅದರ ಬದಲು ಈಗ ದಾರಿಯಲ್ಲಿ ಕುಂದಾಪುರದ ಬಳಿ ನಿಲ್ಲಿಸಿ ಆಕೆಯನ್ನು ನಾಲ್ಕು ಹೆಜ್ಜೆ ನಡೆಸುತ್ತೇನೆ.

ಮಗ ಮುಂದಿನ ಸಲ ಊರಿಗೆ ಬಂದಾಗ ನೋಟುಪುಸ್ತಕವನ್ನು ಕೇಳಿ ನೋಡಿದನು. ಏನೂ ಹೇಳಲಿಲ್ಲ. ಏಳನೆಯ ಸಾಲಿನಲ್ಲಿ ‘ವಾಹನ: ಒಂದು’ ಎಂಬುದರ ಮುಂದೆ ನಾನು ಹೊಸದಾಗಿ ‘ಅಗತ್ಯಕ್ಕೆ ತಕ್ಕಷ್ಟು’ ಎಂದು ಸೇರಿಸಿದ್ದೆ. ಆ ಎರಡು ಪದಗಳನ್ನು ಅವನು ಬಹಳ ಹೊತ್ತು ನೋಡುತ್ತಿದ್ದನು.