ಕುದುರೆ ಜೋಡಿಸಿದ್ದು, ಕಸಿ ಕಟ್ಟಿದ್ದು



ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. "ಏನಣ್ಣ, ಮಾವಿನ ಕಸಿ ಬಗ್ಗೆ ಬರೀತೀನಿ ಅಂದಿದ್ರಿ" ಅಂತ ಸಂತೆಯಲ್ಲಿ ಇಬ್ಬರು ಮೂವರು ಕೇಳಿದ್ರು. ಬರೀತೀನಿ. ಅದಕ್ಕೆ ಮುಂಚೆ ಒಂದು ಬೊಂಬೆ ಕುದುರೆ ಜೋಡಿಸಿದ ಕಥೆ ಹೇಳಬೇಕು. ನಗಬೇಡಿ, ಪೂರ್ತಿ ಓದಿ.

ಹೋದ ಕಾರ್ತಿಕದಲ್ಲಿ ಮೇವು ಕತ್ತರಿಸೋ ಮಷೀನಿಗೆ ನನ್ನ ಎಡಗೈ ಸಿಕ್ಕಿದ್ದು ನಿಮಗೆ ಗೊತ್ತು. ತಪ್ಪು ನಂದೇ. ಸೀಮೆಹುಲ್ಲು ಸಿಕ್ಕಾಕ್ಕೊಂಡಿತ್ತು, ಮೋಟರ್ ಆಫ್ ಮಾಡದೆ ಕೈಯಲ್ಲಿ ತಳ್ಳೋಕೆ ಹೋದೆ. ತೋರುಬೆರಳಿನ ಒಂದು ಗೆಣ್ಣು ಹೋಯ್ತು, ನಡುಬೆರಳು ಪೂರ್ತಿ ಮಡಚಲ್ಲ. ಗಾಯ ಮಾಗಿದ ಮೇಲೆ ಗುದ್ದಲಿ ಹಿಡಿಯೋದು, ನೀರು ಕಟ್ಟೋದು ಹೇಗೋ ನಡೀತು. ಕಸಿ ಕಟ್ಟೋಕೆ ಮಾತ್ರ ಆಗಲಿಲ್ಲ. ಚಾಕು ಹಿಡಿಯೋದು ಬಲಗೈ ಆದ್ರೂ, ಸಸಿ ಮತ್ತೆ ಕಡ್ಡಿ ಎರಡನ್ನೂ ಅಲುಗದಂತೆ ಹಿಡಿಯೋದು ಎಡಗೈ ತಾನೆ? ಇಪ್ಪತ್ತೈದು ವರ್ಷ ಮಾಡಿದ ಕೆಲಸ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ರಾತ್ರಿ ಅದೇ ಯೋಚನೆ ಬರೋದು.

ಅವರೆಕಾಳು, ಹುರುಳಿ ಬೆರೆಸಿಟ್ಕೊಂಡು ಎಡಗೈಲಿ ಆರಿಸಿ, ಬೆರಳಿಗೆ ಕೆಲಸ ಕೊಡಿ ಅಂತ ಡಾಕ್ಟರು ಹೇಳಿದ್ರು. ನಾಕು ದಿನ ಮಾಡಿದೆ, ಬೇಜಾರಾಗಿ ಬಿಟ್ಟೆ. ಯುಗಾದಿಗೆ ಬಂದ ಮಗಳು ಒಂದು ಪೆಟ್ಟಿಗೆ ತಂದ್ಲು. "ಅಪ್ಪ, ಕಾಳು ಬೇಡ, ಇದನ್ನ ಜೋಡಿಸು" ಅಂದ್ಲು. ಒಳಗೆ ಬೂದಿ ಬಣ್ಣದ ಹದಿನಾಲ್ಕು ತುಂಡು. ಕುದುರೆ, ಮೇಲೆ ಈಟಿ ಹಿಡಿದ ಸವಾರ. ಹೇಗೆ ಜೋಡಿಸಬೇಕು ಅಂತ ಬರೆದ ಕಾಗದ ಇಲ್ಲ, ಪೆಟ್ಟಿಗೆ ಮೇಲೆ ಒಂದು ಚಿತ್ರ ಅಷ್ಟೆ.

ಇದು ರೆಸಿನ್ ಅನ್ನೋ ಪದಾರ್ಥ. ಶಿಲ್ಪಿ ಮಾಡಿದ ಮೂಲ ಬೊಂಬೆಗೆ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಹುಯ್ದಿರ್ತಾರೆ. ಅಚ್ಚಿಂದ ಬಿಡಿಸೋಕೆ ಬಳಿದ ಜಿಡ್ಡು ತುಂಡಿನ ಮೇಲೆ ಉಳಿದಿರುತ್ತೆ. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ತೊಳೀದಿದ್ರೆ ಅಂಟೂ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ. ಅಚ್ಚಿನ ಎರಡು ಹೋಳು ಸೇರಿದ ಕಡೆ ಸಣ್ಣ ಬದು ಥರ ಒಂದು ಗೆರೆ ಇರುತ್ತೆ, ಅದನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಿ ತೆಗೀಬೇಕು. ಒಣದಾಗಿ ಉಜ್ಜಬಾರದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರಲ್ಲಿ ಅದ್ದಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಬೇಕು. ಈಟಿ ಬಾಗಿಹೋಗಿತ್ತು. ಬಿಸಿನೀರಲ್ಲಿ ಅದ್ದಿದ್ರೆ ಮೆತ್ತಗಾಗುತ್ತೆ, ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದ್ರೆ ಹಾಗೇ ನಿಲ್ಲುತ್ತೆ.

ಕಾಲುಗಳದ್ದೇ ದೊಡ್ಡ ತಲೆನೋವು. ಎರಡು ಮುಂಗಾಲಲ್ಲಿ ಒಂದು ಎತ್ತಿದ್ದು, ಒಂದು ಊರಿದ್ದು. ಹಿಂಗಾಲೂ ಹಾಗೇ. ಯಾವುದು ಎಡ, ಯಾವುದು ಬಲ? ಚಿತ್ರದಲ್ಲಿ ಒಂದೇ ಪಕ್ಕ ಕಾಣುತ್ತೆ. ನಮ್ಮ ಹೊಲದಲ್ಲಿ ಆಗ ಕುರಿಮಂದೆ ನಿಲ್ಲಿಸಿದ್ದೆ, ಕುರಿಯವರ ಹತ್ರ ಸಾಮಾನು ಹೊರೋ ಕುದುರೆ ಇತ್ತು. ಕೇಳಿದ್ದಕ್ಕೆ ಆ ಅಜ್ಜ ನಗಾಡಿಕೊಂಡು ಕುದುರೆ ಓಡಿಸಿ ತೋರಿಸ್ದ. ಜಗ್ಗುನಡೆಯಲ್ಲಿ ಓಡುವಾಗ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಏಳ್ತವೆ, ಆಮೇಲೆ ಇನ್ನೊಂದು ಜೊತೆ. ಐವತ್ತು ವರ್ಷದಿಂದ ದನಕರು ನೋಡಿದ ನಾನು ಕುದುರೆ ಕಾಲನ್ನ ಅವತ್ತೇ ಸರಿಯಾಗಿ ನೋಡಿದ್ದು.

ಆತುರದಲ್ಲಿ ಒಂದು ಎಡವಟ್ಟು ಮಾಡ್ದೆ. ಅಂಟು ಹಾಕೋ ಮುಂಚೆ ಒಣದಾಗಿ ಕೂರಿಸಿ ನೋಡಬೇಕಿತ್ತು, ನೋಡಲಿಲ್ಲ. ಚಪ್ಪಲಿಗೆ ಹಾಕ್ತೀವಲ್ಲ, ಆ ಥರದ ಅಂಟು, ತಕ್ಷಣ ಹಿಡೀತು. ಕುದುರೆ ತಲೆ ಸೊಟ್ಟಗೆ ಕೂತ್ಕೊಂಡ್ತು. ಮಗಳಿಗೆ ಫೋನ್ ಮಾಡಿದೆ. ಆ ಅಂಟು ಚಳಿಗೆ ಪೆಡಸಾಗುತ್ತೆ, ರಾತ್ರಿ ಫ್ರಿಜ್ಜಿನ ಐಸ್ ಖಾನೆಯಲ್ಲಿಡು ಅಂದ್ಲು. ಬೆಳಿಗ್ಗೆ ನಮ್ಮ ಮನೆಯವರು ಬಾಗಿಲು ತೆಗೆದು, "ಏನ್ರೀ ಇದು, ಕುದುರೆ ಇಲ್ಲಿ ಮಲಗಿದೆ" ಅಂತ ಕೂಗಿದ್ರು. ಮೆಲ್ಲಗೆ ತಿರುಗಿಸಿದ್ರೆ ತಲೆ ಚಟ್ ಅಂತ ಬಂತು.

ಎರಡನೇ ಸಲ ಸರಿಯಾಗಿ ಮಾಡ್ದೆ. ಬರೀ ಅಂಟು ಭಾರ ತಡೆಯಲ್ಲ, ಎರಡೂ ಕಡೆ ತೂತು ಕೊರೆದು ತಂತಿ ತುಂಡು ಕೂರಿಸಬೇಕು. ತೂತು ಎದುರುಬದುರು ಬರೋಕೆ ಒಂದು ಕಡೆ ಬಣ್ಣದ ಚುಕ್ಕಿ ಇಟ್ಟು ಇನ್ನೊಂದನ್ನ ಒತ್ತಿದ್ರೆ ಗುರುತು ಬೀಳುತ್ತೆ. ಬೆರಳುಗಾತ್ರದ ತುಂಡನ್ನ ಎಡಗೈಲಿ ಹಿಡ್ಕೊಂಡು ಕೊರೆಯೋವಾಗ ಮೊದಲ ವಾರ ಹತ್ತು ಸಲ ಜಾರಿ ಬಿತ್ತು. ಆಮೇಲೆ ಗೊತ್ತಾಯ್ತು, ನಾನು ಇಲ್ಲದ ಗೆಣ್ಣಲ್ಲಿ ಹಿಡಿಯೋಕೆ ನೋಡ್ತಿದೀನಿ ಅಂತ. ಹೆಬ್ಬೆರಳು, ಉಂಗುರ ಬೆರಳಲ್ಲಿ ಹಿಡಿದು, ಮೋಟು ಬೆರಳನ್ನ ಒತ್ತು ಕೊಡೋಕೆ ಇಟ್ಟೆ. ನಿಲ್ತು. ಸಂದುಗಳಿಗೆ ಪೈಪಿಗೆ ಹಾಕೋ ಎಂಸೀಲ್ ಕಲಸಿ ತುಂಬಿ, ಒದ್ದೆ ಬೆರಳಲ್ಲಿ ಸವರಿದೆ. ಕೊನೆಗೆ ಅಂಗಳದಲ್ಲಿ ಪ್ರೈಮರ್ ಹೊಡೆದಾಗ ನನ್ನ ತಪ್ಪುಗಳೆಲ್ಲ ಎದ್ದು ಕಂಡವು. ಮತ್ತೆ ಉಜ್ಜಿ, ಮತ್ತೆ ಹೊಡೆದೆ. ಲಗಾಮು ಇವತ್ತಿಗೂ ಸರಿಯಾಗಿ ಕೂತಿಲ್ಲ.

ಬಣ್ಣ ಇನ್ನೂ ಬಳಿದಿಲ್ಲ, ಟೀವಿ ಪಕ್ಕ ಬೂದಿ ಕುದುರೆಯಾಗೇ ನಿಂತಿದೆ. ಮೊನ್ನೆ ಮಳೆ ಬಿಟ್ಟಾಗ ಹನ್ನೆರಡು ಮಾವಿನ ಸಸಿಗೆ ಕಸಿ ಕಟ್ಟಿದೆ, ಅದೇ ಹೊಸ ಹಿಡಿತದಲ್ಲಿ. ಮೊದಲು ಗಂಟೆಗೆ ಇಪ್ಪತ್ತು ಕಟ್ತಿದ್ದೆ, ಈಗ ಹನ್ನೆರಡಕ್ಕೆ ಇಡೀ ಬೆಳಗ್ಗೆ ಹೋಯ್ತು. ಸಿಪ್ಪೆಗೆ ಸಿಪ್ಪೆ ಕೂತಿದೆ. ಹಿಡಿಯುತ್ತೋ ಇಲ್ಲವೋ ಚಿಗುರು ಬಂದಾಗ ನೋಡೋಣ. ಎಷ್ಟು ಬದುಕಿದವು ಅಂತ ಸುಳ್ಳು ಹೇಳದೆ ಬರೀತೀನಿ.

ಒಂದೇ ಮಾತು. ಮಷೀನಲ್ಲಿ ಹುಲ್ಲು ಸಿಕ್ಕಾಕ್ಕೊಂಡ್ರೆ ಮೊದಲು ಮೋಟರ್ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲಲಿ, ಆಮೇಲೆ ತೆಗೀರಿ. ಸೊಟ್ಟಗೆ ಅಂಟಿದ ಕುದುರೆ ತಲೇನ ಐಸಲ್ಲಿಟ್ಟು ಬಿಡಿಸಬಹುದು, ಬೆರಳು ಹಾಗಲ್ಲ ಕಣ್ರಪ್ಪ.